ಗೊತ್ತಿಲ್ಲದ ಮೇಸ್ತ್ರಿ

ಹಳೇಕೋಟೆಯ ಮೇಸ್ತ್ರಿ ಶಿವಯ್ಯ ತಮ್ಮ ಮೇಲೆ ಅರ್ಜಿ ಹಾಕಿದ್ದಾನೆಂದು ಕೇಳಿದಾಗ ಕಂಟ್ರಾಕ್ಟರ್ ಪದ್ಮರಾಜಯ್ಯನವರಿಗೆ ನಗು ಬಂತು. ಇಪ್ಪತ್ತೆರಡು ವರ್ಷ ಜೊತೆಗೆ ಗೋಡೆ ಎಬ್ಬಿಸಿದವನು, ಹಬ್ಬ ಬಂದರೆ ಮನೆಯಲ್ಲಿ ಎಲೆ ಮುಂದೆ ಕೂತು ಉಂಡವನು, ಅವನ್ಯಾಕೆ ಹಾಕುತ್ತಾನೆ? ಶಾಲೆ ಕಟ್ಟಿಸಿದ ಇಲಾಖೆಯ ನೋಟೀಸು ಕೈಗೆ ಬಂದ ಮೇಲೆ ನಗು ಹಾರಿಹೋಯಿತು. ಮಲ್ಲಿಪಟ್ಟಣದ ಶಾಲೆ ಕಟ್ಟಿದ ಕೂಲಿ ಮೂರು ಲಕ್ಷ ನಲವತ್ತು ಸಾವಿರ ಬಾಕಿಯಿದೆ, ಅದು ತೀರುವವರೆಗೆ ಕಂಟ್ರಾಕ್ಟರರ ಠೇವಣಿ ಬಿಡಬೇಡಿ ಎಂದು ಶಿವಯ್ಯ ಬರೆಸಿದ್ದ.

ಆ ಆರು ಲಕ್ಷದ ಠೇವಣಿ ಈ ತಿಂಗಳು ಕೈಸೇರದಿದ್ದರೆ ಸಾಲಕ್ಕೆ ಒತ್ತೆಯಿಟ್ಟ ಚನ್ನರಾಯಪಟ್ಟಣದ ಮನೆ ಬ್ಯಾಂಕಿನವರ ಪಾಲು. ಪದ್ಮರಾಜಯ್ಯ ಶಿವಯ್ಯನಿಗೆ ಫೋನು ಮಾಡಿ ಕೂಗಾಡಿದರು.

"ನಲವತ್ತು ಸಾವಿರ ಬಿಟ್ಟು ಮಿಕ್ಕಿದ್ದೆಲ್ಲ ನಿನ್ನ ಕೈಗೇ ಕೊಟ್ಟಿದೀನಲ್ಲೋ!"

"ಮರಳಿಗೆ ಅಂತ ಕೊಟ್ಟಿದ್ನೂ ಕೂಲಿಗೆ ಸೇರಿಸ್ಕೊಬ್ಯಾಡಣ್ಣ. ಆಳುಗಳು ಬಂದು ನನ್ ಬಾಗಿಲಲ್ಲಿ ಕುಂತವ್ರೆ. ನಾನೇನ್ ಮಾಡ್ಲಿ ಏಳು?"

ಇಬ್ಬರಿಗೂ ತಾನು ಹೇಳುವುದೇ ನಿಜವೆಂದು ಅನ್ನಿಸಿತ್ತು. ತಾಳೆ ನೋಡಲು ಒಂದು ಚೀಟಿಯಾದರೂ ಬೇಡವೇ? ಇವರ ವ್ಯವಹಾರವೇ ಹಾಗೆ. ಪಾಯ ತೋಡುವ ದಿನ ಪದ್ಮರಾಜಯ್ಯ ಮೇಸ್ತ್ರಿಯ ಕೈಗೆ ವೀಳ್ಯ ಕೊಡುವುದು, ಅವನು ಅದನ್ನು ಕಣ್ಣಿಗೊತ್ತಿಕೊಳ್ಳುವುದು, ಅಲ್ಲಿಗೆ ಕರಾರು ಮುಗಿಯಿತು. ವೀಳ್ಯ ಕೊಟ್ಟ ಮೇಲೆ ರುಜು ಕೇಳಿದರೆ ಮೇಸ್ತ್ರಿಯ ಮುಖಕ್ಕೆ ಉಗಿದ ಹಾಗಂತೆ. ಈ ದೊಡ್ಡಸ್ತಿಕೆಗೆ ಏನು ಹೇಳೋಣ!

ವಕೀಲ ಅನಿಲ್‌ಕುಮಾರ್ ಎಲ್ಲ ಕೇಳಿಸಿಕೊಂಡ. "ದುಡ್ಡು ಕೊಟ್ಟಿದೀನಿ ಅಂದ್ರೆ ರಸೀದಿ ಎಲ್ಲಿ ಅಂತಾರೆ, ಸಿಕ್ಕಿಬೀಳ್ತೀರ. ಅವನ್ಯಾರೋ ಗೊತ್ತೇ ಇಲ್ಲ ಅಂದ್ಬಿಡಿ. ಕೆಲಸ ಮಾಡಿದೀನಿ ಅಂತ ಅವನೇ ತೋರಿಸ್ಲಿ."

"ಥೂ! ಹಂಗನ್ನೋಕೆ ಬಾಯಿ ಬರುತ್ತೇನ್ರೀ?"

"ಮನೆ ಬೇಕೋ ಬೇಡ್ವೋ?"

ಪದ್ಮರಾಜಯ್ಯ ವಕೀಲ ಬರೆದ ಉತ್ತರಕ್ಕೆ ರುಜು ಹಾಕಿದರು.

ಹಾಸನದ ಕಚೇರಿಯಲ್ಲಿ ವಿಚಾರಣೆಯ ದಿನ ಶಿವಯ್ಯ ಒಗೆದ ಬಿಳಿ ಅಂಗಿ ತೊಟ್ಟು ಎದುರು ಬೆಂಚಿನಲ್ಲಿ ಕೂತಿದ್ದ. ಇವನು ನಿಮ್ಮಲ್ಲಿ ಕೆಲಸ ಮಾಡಿದ್ದನೇ ಎಂದು ಅಧಿಕಾರಿ ಕೇಳಿದರು.

"ಇಲ್ಲ ಸಾರ್. ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ."

ಅಂದೇಬಿಟ್ಟರು, ಪುಣ್ಯಾತ್ಮ!

ಶಿವಯ್ಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಒಳಗಿನ ಕಾಗದ ಬಿಡಿಸಿದ. ಪದ್ಮರಾಜಯ್ಯನವರಿಗೆ ಅದರ ಗುರುತು ಸಿಕ್ಕಿತು. ಹೋದ ವರ್ಷ ಅದೇ ಶಾಲೆಯ ಗೋಡೆಗೆ ಕಟ್ಟಿದ್ದ ಸಾರುವೆಯ ಮೇಲಿಂದ ಶಿವಯ್ಯ ಬಿದ್ದಾಗ ಇವರೇ ಎತ್ತಿ ಕಾರಿಗೆ ಹಾಕಿಕೊಂಡು ಅರಕಲಗೂಡಿನ ಆಸ್ಪತ್ರೆಗೆ ಓಡಿದ್ದರು. ಅಲ್ಲಿ ಕೊಟ್ಟ ಚೀಟಿ ಅದು. ಬಿದ್ದ ಜಾಗವೆಂದು ಶಾಲೆಯ ಹೆಸರಿತ್ತು, ಕೆಳಗೆ ಇವರ ರುಜು. ರೋಗಿಗೆ ನೀವೇನಾಗಬೇಕು ಎಂಬ ಕಡೆ "ಅಣ್ಣ" ಎಂದು ಇವರೇ ಬರೆದಿದ್ದರು. ಅದೊಂದು ಮೇಜಿನ ಮೇಲೆ ಬಿದ್ದರೆ ಸುಳ್ಳು ಬಯಲು, ಮನೆಯೂ ಹೋಯಿತು.

"ಏನದು? ಕೊಡಿ ಇಲ್ಲಿ" ಎಂದರು ಅಧಿಕಾರಿ.

ಶಿವಯ್ಯ ಪದ್ಮರಾಜಯ್ಯನವರ ಮುಖವನ್ನೇ ನೋಡಿದ. ಆಮೇಲೆ ಕಾಗದ ಮಡಿಚಿ ಜೇಬಿಗಿಟ್ಟುಕೊಂಡ.

"ಇದು ಮನೇದು ಸಾ. ಕೆಲ್ಸದ್ದು ಯಾವ್ ಕಾಗ್ದಾನೂ ಇಲ್ಲ."

ಅರ್ಧ ಗಂಟೆಯಲ್ಲಿ ಅರ್ಜಿ ವಜಾ ಆಯಿತು. ಶಿವಯ್ಯ ಕುಂಟುತ್ತಾ ಹೊರಟ. ಪದ್ಮರಾಜಯ್ಯ ಬಸ್ ನಿಲ್ದಾಣದವರೆಗೂ ಹಿಂದೆಯೇ ಓಡಿದರು.

"ಲೇ ಶಿವಯ್ಯ, ನಿಂತ್ಕೊಳ್ಳೋ! ಆ ಚೀಟಿ ಯಾಕ್ಲಾ ಕೊಡ್ಲಿಲ್ಲ? ಠೇವಣಿ ಬರ್ಲಿ, ನೀನು ಕೇಳಿದಷ್ಟೂ ಕೊಡ್ತೀನಿ ಕಣೋ, ನನ್ನಾಣೆ!"

ಶಿವಯ್ಯ ತಿರುಗಿದ. ಕಣ್ಣು ತುಂಬಿಕೊಂಡಿತ್ತು.

"ಅದ್ರಲ್ಲಿರೋ ಸಯಿ ನಮ್ಮಣ್ಣ ಆಕಿದ್ದು. ಅದ್ನ ತೋರ್ಸಿ ದುಡ್ ಈಸ್ಕೊಳ್ಳೋಕಾಯ್ತದಾ? ನೀವ್ಯಾರೋ ನಂಗೊತ್ತಿಲ್ಲ ಸಾ."

ಅಷ್ಟು ಹೇಳಿ ಹೊಳೇನರಸೀಪುರದ ಬಸ್ಸು ಹತ್ತಿದ. ಪದ್ಮರಾಜಯ್ಯ ತಾವು ಗೆದ್ದ ಆದೇಶ ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ ಗೊಳೋ ಎಂದು ಅತ್ತರು.