ಲಮ್ಜೆದ್ ಬರೆದ ಚಾಲಕ

ಸ್ಫಾಕ್ಸ್ ಪಟ್ಟಣದ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅಂಧರ ಶಾಲೆಯ ಬ್ರೈಲ್ ಮುದ್ರಣಯಂತ್ರ ಎಲ್ಲಿದೆಯೆಂದು ಕಂಪ್ಯೂಟರಿಗೆ ಇನ್ನು ಮುಂದೆ ಯಾರೂ ದಿನಾ ಹೇಳಿಕೊಡಬೇಕಾಗಿಲ್ಲ.

ಘೋಷಣೆ ಹೊರಡಿಸಿದವನು ನೌಫೆಲ್. ಕೇಳಿಸಿಕೊಂಡ ಸಮಸ್ತ ನಾಗರಿಕರು ಒಬ್ಬರೇ, ಮುದ್ರಣಕೋಣೆಯ ವಸೀಲಾ.

"ಹತ್ತೊಂಬತ್ ವರ್ಷ ಆ ನಂಬರ್ ಬಡ್ದು ಬಡ್ದು ಬೆರಳು ಸವೀತು ಕಣೋ. ಬರೆದೋನು ನನ್ ತಮ್ಮ, ಬೈಯೋ ಹಾಗೂ ಇಲ್ಲ."

ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡಿಗೆ ತಮ್ಮ ಲಮ್ಜೆದ್ ಚಾಲಕ, ಅಂದರೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ, ಬರೆದಿದ್ದ. ಚಾಲಾಕಿ ಇಲ್ಲದ ಚಾಲಕ. ಕಾರ್ಡು ಎಲ್ಲಿದೆಯೆಂದು ದಿನಾ ಅದರ ವಿಳಾಸದ ನಂಬರ್ ಬಡಿದು, ಬೆರಳು ಮಾಡಿ ತೋರಿಸಿದರಷ್ಟೇ ಕಾಣುವುದು. ಅದನ್ನು ಲೋಕವೆಲ್ಲ ಹಂಚಿಕೊಳ್ಳುವ ತಂತ್ರಾಂಶ ಭಂಡಾರಕ್ಕೆ ಕೊಟ್ಟ ವರ್ಷವೇ ಅವನು ಮಾವನ ದೋಣಿಯಲ್ಲಿ ಕೆರ್ಕೆನ್ನಾ ದ್ವೀಪಗಳ ಕಡೆ ಮೀನಿಗೆ ಹೋದ. ದೋಣಿ ಮರಳಲಿಲ್ಲ. ಗೋರಿಯಿಲ್ಲ, ಕಲ್ಲಿಲ್ಲ. ಚಾಲಕದ ಕಡತದ ತಲೆಯ ಮೇಲೆ 'ಬರೆದವರು: ಲಮ್ಜೆದ್' ಎಂಬ ಸಾಲೊಂದೇ. ಹಬ್ಬದ ಬೆಳಿಗ್ಗೆ ಊರೆಲ್ಲ ಗೋರಿಗಳ ಬಳಿ ಹೋದರೆ, ವಸೀಲಾ ಶಾಲೆಯ ಬೀಗ ತೆಗೆದು, ಆ ಕಡತ ತೆರೆದು, ಅದರೆದುರು ಸತ್ತವರಿಗಾಗಿ ಓದುವ ಫಾತಿಹಾ ಓದುತ್ತಿದ್ದಳು.

ಈ ವರ್ಷ ಭಂಡಾರ ನೋಡಿಕೊಳ್ಳುವ ಹಿರಿಯರಿಂದ ತಾಕೀತು ಬಂದಿತ್ತು: ಸಾಧನವನ್ನು ತಾನಾಗಿ ಗುರುತಿಸಲಾರದ ಹಳೇ ಚಾಲಕಗಳನ್ನೆಲ್ಲ ಕಿತ್ತುಹಾಕುತ್ತೇವೆ.

"ನಾನಿರೋವರ್ಗೂ ಅವನ ಹೆಸರು ಅಳಿಸೋಕೆ ಬಿಡಲ್ಲಕ್ಕ," ಎಂದು ಲಮ್ಜೆದನ ಗೆಳೆಯ ನೌಫೆಲ್ ಆಣೆಯಿಟ್ಟ.

ಮೂರು ತಿಂಗಳು ಕೂತ. ಕಾರ್ಡಿನೊಳಗೆ ಅದರದೇ ಗುರುತಿನ ಸಂಖ್ಯೆಯಿತ್ತು. "ನೀನ್ಯಾರು ಅಂತ ಯಾರೂ ಕೇಳೇ ಇರ್ಲಿಲ್ಲ ನೋಡು, ಪಾಪ!" ಎಂದ ಕಾರ್ಡಿಗೆ. ಚಾಲಕ ಕೇಳಿದೊಡನೆ ಕಾರ್ಡು ಹೇಳಿತು. ಬೇಡವಾದ ಸಾಲುಗಳನ್ನು ನೌಫೆಲ್ ಒಂದೊಂದೇ ಗುಡಿಸಿದ. ಕಡತ ಕನ್ನಡಿಯಂತಾಯಿತು. ಭಂಡಾರಕ್ಕೆ ಕಳಿಸಿ, ಅಂದೇ ಆ ಘೋಷಣೆ ಹೊರಡಿಸಿದ.

ಗುರುವಾರ ಉತ್ತರ ಬಂತು. ಗಟ್ಟಿಯಾಗಿ ಓದಿದ: "ಅಚ್ಚುಕಟ್ಟಾದ ಕೆಲಸ. ಇಷ್ಟು ಶುಚಿಯಾದ ಮೇಲೆ ಕಾಣುತ್ತಿದೆ, ಈ ಕಾರ್ಡಿಗೆ ಬೇರೆ ಚಾಲಕವೇ ಬೇಡ. ನಮ್ಮ ಸಾಮಾನ್ಯ ಚಾಲಕದ ಪಟ್ಟಿಗೆ ಇದರ ಗುರುತಿನ ಒಂದು ಸಾಲು ಸೇರಿಸಿದರೆ ಸಾಕು. ಕಡತ ತೆಗೆದುಹಾಕಲು ಒಪ್ಪಿಗೆ ಕೊಡಿ."

"ಅಂದ್ರೆ?"

"ಮಷೀನ್ ನಡೆಯುತ್ತಕ್ಕ. ಚೆನ್ನಾಗೇ ನಡೆಯುತ್ತೆ."

"ನಾ ಕೇಳಿದ್ದು ಮಷೀನ್ ಅಲ್ಲ."

ನೌಫೆಲ್ ಕಡತದ ತಲೆಯ ಮೇಲಿನ ಹೆಸರಿನ ಸಾಲು ತೋರಿಸಿದ. "ಇದೂ ಹೋಗುತ್ತಕ್ಕ."

"ಒಂದು ಸಾಲು ಕೊಡ್ತಾರಲ್ಲ, ಅದ್ರಲ್ಲೇ ಅವನ ಹೆಸರು ಹಾಕ್ಸೋ."

"ಅದ್ರಲ್ಲಿ ಏಳೇ ಅಕ್ಷರಕ್ಕೆ ಜಾಗ ಅಕ್ಕ. ಅದೂ ಕಾರ್ಡಿನ ನಂಬರಿಗೆ. ಹೆಸರು ಹಳೇ ಆವೃತ್ತಿಗಳಲ್ಲಿ ಇದ್ದೇ ಇರುತ್ತೆ, ಹುಡುಕಿದ್ರೆ ಸಿಗುತ್ತೆ."

"ಇನ್ನೂ ಹುಡುಕ್ಬೇಕೇನೋ ಅವನನ್ನ?"

ನೌಫೆಲ್ ತಕರಾರು ಬರೆಯಲು ಕೂತ. ಏನೆಂದು ಬರೆಯುವುದು? ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದಿಷ್ಟು ಕಸ ಬಿಟ್ಟಿದ್ದರೆ ಕಡತ ಉಳಿಯುತ್ತಿತ್ತೇನೋ, ಗುಡಿಸಿದವನು ತಾನೇ. ಪಕ್ಕದಲ್ಲಿ ಯಂತ್ರ, ಯಾರೂ ಏನೂ ಹೇಳಿಕೊಡದೆ, ಮಕ್ಕಳ ಪರೀಕ್ಷೆಯ ಹಾಳೆಗಳಿಗೆ ಚುಕ್ಕಿ ಕುಟ್ಟತೊಡಗಿತು. ವಸೀಲಾ ಹಾಳೆ ಜೋಡಿಸಲು ಎದ್ದಳು.

ಅವನು 'ಒಪ್ಪಿಗೆ' ಎಂದು ಬರೆದು ಕಳಿಸಿದ.