ಹೊಯ್ಗೆಯಲ್ಲಿ ಕಲಿತ ಜಿಗಿತ

ಅರ್ಥಶಾಸ್ತ್ರ ಕಲಿಸಲು ಕಾರವಾರದ ಕಾಲೇಜಿಗೆ ಬಂದ ಗೋದಾವರಿಗೆ ವಾಲಿಬಾಲ್ ಕಲಿಸು ಎಂದು ಯಾರೂ ಹೇಳಿರಲಿಲ್ಲ. ತಾನೇ ಹುಡುಗಿಯರ ತಂಡ ಕಟ್ಟಿದಳು. ಕಾಲೇಜಿಗೆ ಮೈದಾನವಿರಲಿಲ್ಲ, ಸಮುದ್ರವಿತ್ತು. ನೀರು ಇಳಿಯುವ ಹೊತ್ತು ನೋಡಿಕೊಂಡು ದಂಡೆಯ ಮರಳಲ್ಲಿ, ಅಲ್ಲಿಯವರ ಮಾತಿನ ಹೊಯ್ಗೆಯಲ್ಲಿ, ಎರಡು ಬಿದಿರ ಗಳ ನೆಟ್ಟು, ಹಳೆಯ ಮೀನುಬಲೆ ಕಟ್ಟಿದರೆ ಅಂಕಣ ಸಿದ್ಧ. ಕಾಲೇಜಿನ ವಿದ್ಯಾರ್ಥಿಗಳು ಅವಳಿಗೆ ಮೇಡಂ ಎನ್ನುತ್ತಿದ್ದರು, ಪ್ರಾಂಶುಪಾಲರು ಬಾಯೋರೇ ಎಂದು ಕರೆಯುತ್ತಿದ್ದರು. ತಂಡದ ಹುಡುಗಿಯರಿಗೆ ಮಾತ್ರ ಅವಳು ಅಕ್ಕೋರು.

1987ರ ಚಳಿಗಾಲದಲ್ಲಿ ತಂಡ ಮೊದಲ ಬಾರಿ ಪಂದ್ಯಾವಳಿಗೆ ಅಂಕೋಲೆಗೆ ಹೊರಟಾಗ ಪ್ರಾಂಶುಪಾಲ ತುಳಸಿದಾಸರು ಕರೆಸಿಕೊಂಡರು.

"ಹುಡ್ಗೀರು ಸಮುದ್ರದ ಬದಿಗೆ ಎಂತಕ್ಕೆ ಹೋಗೂದು ಅಂತ ಪಾಲಕರು ಕೇಳ್ತಾರೆ, ಬಾಯೋರೇ. ಒಂದು ಪಂದ್ಯ ಗೆದ್ದು ಬನ್ನಿ, ನಾ ಉತ್ತರ ಹೇಳ್ತೆ. ಸೋತ್ರೆ ತಂಡ ಬಂದ್. ನೀವು, ನಿಮ್ಮ ಪಾಠ."

"ಗೆಲ್ತೇವೆ, ಸರ್. ಹೊಯ್ಗೆಯಲ್ಲಿ ಹಾರಿದವ್ರು ಗಟ್ಟಿ ನೆಲದಲ್ಲಿ ಹಕ್ಕಿ ಆಗ್ತಾರೆ."

ಹಕ್ಕಿಯಾದದ್ದೇ ತಪ್ಪಾಯಿತು. ಅಂಕೋಲೆಯ ಮೈದಾನ ಬಡಿದು ಗಟ್ಟಿ ಮಾಡಿದ ಕೆಮ್ಮಣ್ಣು. ಹೊಡೆತಗಾರ್ತಿ ಸುಮಿತಾ ಜಿಗಿದರೆ ಬಾಲ್ ಇನ್ನೂ ಮೇಲೇ ಇರುತ್ತಿತ್ತು. ಅದು ಬರುವಷ್ಟರಲ್ಲಿ ಅವಳು ನೆಟ್ಟಿಗೆ ಎದೆ ಕೊಟ್ಟು ಇಳಿಯುತ್ತಿದ್ದಳು. ಎದುರಿದ್ದ ಘಟ್ಟದ ಮೇಲಿನ ತಂಡ ಮೊದಲ ಸೆಟ್ಟನ್ನು ಸುಲಭವಾಗಿ ಗೆದ್ದಿತು.

ಬಿಡುವಿನಲ್ಲಿ, ಬಾಲ್ ಎತ್ತಿಕೊಡುವ ಮಂಜಿ ಕೆರಳಿದ್ದಳು. "ನಾ ಬಾಲ್ ಎತ್ತೂದ್ರೊಳಗೆ ನೀ ಹಾರಿ, ಇಳ್ದು, ಚಾ ಕುಡ್ದು ಬಂದೆ ಕಾಣ್ತದೆ."

"ನೀ ಎತ್ತೂದು ತೆಂಗಿನಮರದಷ್ಟು ಎತ್ತರ್ಕೆ. ನಾ ಮೇಲೇ ಕೂತು ಕಾಯ್ಬೇಕನೇ?"

ಗೋದಾವರಿ ಜಗಳವನ್ನು ತಡೆಯದೆ ಕೇಳಿಸಿಕೊಂಡಳು. ಇಬ್ಬರು ಹೇಳಿದ್ದೂ ನಿಜವೆನಿಸಿತು. ಹೊಯ್ಗೆ ಕಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಸುಮಿತಾ ಬೇಗ ಹೊರಡುವುದನ್ನೂ, ಮಂಜಿ ಎತ್ತರಕ್ಕೆ ಎತ್ತುವುದನ್ನೂ ರೂಢಿ ಮಾಡಿಕೊಂಡಿದ್ದರು. ಇಲ್ಲಿ ಕಾಲನ್ನು ಎಳೆಯುವವರಿಲ್ಲ. ಇಷ್ಟನ್ನು ತಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ. ಈಗ ಯೋಚಿಸಿದರಾಯಿತು.

"ಸುಮಿತಾ, ನೀನು ಏನನ್ನೂ ಬದಲಿಸಬೇಡ. ಹಾರು. ಮಂಜಿ, ಇನ್ಮೇಲೆ ಬಾಲ್ ಇದರ ಅರ್ಧ ಎತ್ತರಕ್ಕೆ. ನೆಟ್ಟಿಂದ ಒಂದು ಮೊಳ ದೂರ."

"ಅರ್ಧವಾ, ಅಕ್ಕೋರೇ? ಆಚೆಯೋರು ತಡೀತಾರೆ."

"ಅವರು ಕೈ ಎತ್ತೋದ್ರೊಳಗೆ ಬಾಲ್ ನೆಲ ಮುಟ್ಟಿರ್ತದೆ. ನೋಡು."

ಮಂಜಿ ಎತ್ತಿದ ಮೊದಲ ಬಾಲ್ ತೀರಾ ಕೆಳಗಾಯಿತು. ಎರಡನೆಯದು ಸುಮಿತಾಳ ಅಂಗೈಗೇ ಬಂದು ಕೂತಿತು. ಹೊಡೆದ ಸದ್ದಿಗೆ ರಸ್ತೆಯಲ್ಲಿ ಸೈಕಲ್ಲಿನವರು ಇಳಿದು ನಿಂತರು. ಎದುರಿನವರಿಗೆ ತಡೆಯಲು ಸಮಯವೇ ಸಿಗಲಿಲ್ಲ. ಎರಡನೆಯ ಸೆಟ್ಟು ಕಾರವಾರಕ್ಕೆ ಬಂತು, ಮೂರನೆಯದೂ ಬಂತು. ಪಂದ್ಯ ಮುಗಿದಾಗ ಮಂಜಿ ಸುಮಿತಾಳ ಬೆನ್ನಿಗೊಂದು ಗುದ್ದಿದಳು. ಜಗಳ ತೀರಿತು.

ಪಂದ್ಯ ನೋಡಲು ತಾವೂ ಬಸ್ಸು ಹಿಡಿದು ಬಂದು, ನೆರಳಲ್ಲಿ ಕುಳಿತಿದ್ದ ತುಳಸಿದಾಸರು ಎದ್ದು ಬಂದರು. "ಆಯ್ತು, ಬಾಯೋರೇ. ತಂಡ ಇರ್ಲಿ. ಪಾಲಕರಿಗೆ ನಾ ಹೇಳ್ತೆ."

"ಹಾಗಾದ್ರೆ ನೀರಿಳಿದ ಹೊತ್ತಿಗೆ ನನಗೆ ಕ್ಲಾಸು ಹಾಕ್ಬೇಡಿ, ಸರ್. ಆಗ ನಾವು ಹೊಯ್ಗೆಯಲ್ಲಿರ್ತೇವೆ."

"ಅಲ್ಲ, ನೀರು ದಿನಾ ಒಂದೇ ಹೊತ್ತಿಗೆ ಇಳೀತದಾ?"

"ಇಲ್ಲ, ಸರ್," ಎಂದಳು ಗೋದಾವರಿ. "ಟೈಂಟೇಬಲ್ಲನ್ನೇ ಬದಲಿಸ್ತಾ ಇರ್ಬೇಕಾಗ್ತದೆ."