ಒಂಬತ್ತು ಗಂಟೆಯ ಕಟ್ಟಳೆ

"ಏಳು ಗಂಟೆ ಆಗ್ಲಿ ಅಂತ ಫೋನ್ ಕೈಲಿ ಹಿಡ್ಕೊಂಡು ಇಡೀ ರಾತ್ರಿ ಕೂತಿದ್ರು ಕಣ್ರವ್ವಾ ನಮ್ಮತ್ತಿಗೆ! ಗಂಡ ಒಳಗೆ ಆಸ್ಪತ್ರೆ ಮಂಚದ ಮೇಲೆ, ಇವರು ಹೊರಗೆ ಬೆಂಚಿನ ಮೇಲೆ. ಒಂದೇ ಒಂದು ಮೆಸೇಜು? ಊಹೂಂ!"

ಲಕ್ಷ್ಮಿದೇವಮ್ಮ ಇದನ್ನು ಹೇಳಿದ್ದು ಕೊಬ್ಬರಿ ಬಿಡಿಸಲು ಬಂದಿದ್ದ ಹೆಂಗಸರಿಗೆ. ದಂಡಿನಶಿವರದ ಆ ಮನೆಯ ಅಂಗಳದಲ್ಲಿ ಬೆಳಿಗ್ಗೆಯಿಂದ ಕರಟ ಒಡೆಯುವ ಸದ್ದು. ವರ್ಷದಿಂದ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಲಕ್ಷ್ಮಿದೇವಮ್ಮನ ಗಂಡ ಮರುಳಪ್ಪ ಮೇಲಿಂದ ಉರುಳಿಸುತ್ತಿದ್ದ. ಕೆಳಗೆ ಗಂಡಾಳುಗಳು ಮಟ್ಟೆ ಸುಲಿದು ಕೊಟ್ಟರೆ, ಹೆಂಗಸರು ಕರಟ ಬಿಡಿಸಿ ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಅವರ ನಡುವೆ, ತಿಪಟೂರಿನಿಂದ ಮೊದಲನೇ ಬಸ್ಸಿಗೆ ಬಂದಿದ್ದ ಮರುಳಪ್ಪನ ಅಕ್ಕ ಗಿರಿಜಾಂಬಿಕಾ, ಎಲ್ಲರ ಬಾಯಲ್ಲಿ ಗಿರಿಜಕ್ಕ, ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು.

"ಅದೇನವ್ವ ಅಂಥಾ ವ್ರತ?" ಅಂದಳು ಹೆಂಗಸರಲ್ಲಿ ಹಿರಿಯಳೊಬ್ಬಳು. "ಗಂಡನಿಗೆ ಎದೆನೋವು ಬಂದಾಗ್ಲೂ ಗಡಿಯಾರ ನೋಡ್ತಾರಾ?"

"ವ್ರತವೇ ಅನ್ಕಳಿ," ಗಿರಿಜಕ್ಕನಿಗೆ ನಗು, ಒಂದಿಷ್ಟು ಹೆಮ್ಮೆ. "ನಮ್ಮ ಮೂರು ಜನರಲ್ಲಿ ಒಂದು ಕಟ್ಟಳೆ ಐತೆ. ಬೆಳಿಗ್ಗೆ ಏಳಕ್ಕೆ ಮುಂಚೆ, ರಾತ್ರಿ ಒಂಬತ್ತರ ಮೇಲೆ ಮೆಸೇಜ್ ಹಾಕಂಗಿಲ್ಲ, ಫೋನ್ ಮಾಡಂಗಿಲ್ಲ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಕುಂಯ್ ಅಂದ್ರೆ ಯಾರೋ ಹೋದ್ರು ಅಂತ್ಲೇ ಅರ್ಥ. ಇವರಿನ್ನೂ ಉಸಿರಾಡ್ತಾ ಇದ್ರಲ್ಲ, ಹೆಂಗೆ ಹಾಕ್ಲಿ?"

ಹೆಂಗಸರು ಗೊಳ್ಳೆಂದು ನಕ್ಕರು. ಲಕ್ಷ್ಮಿದೇವಮ್ಮ ಮಾತ್ರ ಯಾಕೋ ಸರಕ್ಕನೆ ಎದ್ದು ಕಾಫಿ ತರಲು ಹೋದಳು.

ಆ ಕಟ್ಟಳೆ ಮಾಡಿದ್ದು ಮರುಳಪ್ಪನೇ. ಎರಡು ವರ್ಷದ ಹಿಂದೆ, ಯುಗಾದಿ ಹೊತ್ತಿಗೆ ಗಿರಿಜಕ್ಕ, ಅಮ್ಮಸಂದ್ರಕ್ಕೆ ಕೊಟ್ಟಿದ್ದ ತಂಗಿ ಹೊಂಬಾಳಮ್ಮ, ತಮ್ಮ ಮರುಳಪ್ಪ, ಮೂವರ ಕೈಗೂ ಫೋನು ಬಂದಿತ್ತು. ಮರುಳಪ್ಪನ ಮಗಳು ಲಿಖಿತಾ ರಜೆಗೆ ಹೋಗಿ, ಸೋದರತ್ತೆಯ ಪಕ್ಕ ಕೂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟಿದ್ದಳು. ಕಲಿತ ಮೇಲೆ ಗಿರಿಜಕ್ಕನನ್ನು ಹಿಡಿಯುವವರುಂಟೆ? ಮಕ್ಕಳಿಲ್ಲದ ಮನೆ; ಗಂಡ ಪರಮಶಿವಯ್ಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಹೋದರೆ ಬರುವುದು ರಾತ್ರಿಗೇ. ಮಾತು ಬಾಯಲ್ಲಿ ತುಂಬಿಕೊಂಡಿರುತ್ತಿತ್ತು. ರಾತ್ರಿ ಹತ್ತಕ್ಕೆ "ಬೆಕ್ಕು ಮರಿ ಹಾಕ್ತು, ಮೂರು" ಅಂತ ಕಳಿಸುವಳು. ಬೆಳಗಿನ ಜಾವ ಐದಕ್ಕೆ "ನಾಲ್ಕನೇದೂ ಹುಟ್ತು ಕಣೋ, ಕರೀದು" ಅಂತ ಇನ್ನೊಂದು.

ಹೀಗೆ ಎರಡು ತಿಂಗಳಾದ ಮೇಲೆ ಒಂದು ದಿನ ಮರುಳಪ್ಪ ತಿಪಟೂರಿಗೆ ಬಂದು, ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದ: "ಅಕ್ಕ, ಅಮ್ಮಸಂದ್ರದ ಭಾವ ಶಿಫ್ಟ್ ಮುಗಿಸಿ ಬಂದು ಮಲಗಿರ್ತಾರೆ, ಹೊಂಬಾಳಂಗೆ ತೊಂದರೆ. ನನಗಂತೂ ಅಪ್ಪ ಹೋದಾಗ ರಾತ್ರಿ ಬಾಗಿಲು ಬಡಿದ್ರಲ್ಲ, ಅವತ್ತಿನಿಂದ ಕತ್ತಲಲ್ಲಿ ಏನು ಸದ್ದಾದ್ರೂ ಎದೆ ಧಸಕ್ ಅಂತದೆ. ಮೂವರೂ ಒಂದು ಹೊತ್ತು ಇಟ್ಕಳಣ."

ಅಪ್ಪನ ಹೆಸರು ಬಂದ ಮೇಲೆ ಗಿರಿಜಕ್ಕ ಎರಡು ಮಾತಾಡಲಿಲ್ಲ. ಅಂದಿನಿಂದ ರಾತ್ರಿ ಎಂಟೂಮುಕ್ಕಾಲಿಗೆ ಕೊನೆಯ ಮೆಸೇಜು, ಒಂಬತ್ತಕ್ಕೆ ಫೋನು ದೇವರ ಗೂಡಿನ ಪಕ್ಕಕ್ಕೆ. ಒಮ್ಮೆ ಒತ್ತುತ್ತಾ ಒತ್ತುತ್ತಾ ಒಂಬತ್ತು ಹೊಡೆದಾಗ, ಅರ್ಧ ವಾಕ್ಯವನ್ನೇ ಕಳಿಸಿ, ಉಳಿದರ್ಧವನ್ನು ಬೆಳಿಗ್ಗೆ ಏಳಕ್ಕೆ ಕಳಿಸಿದ್ದಳು.

ಮೊನ್ನೆ ಕಾರ್ತಿಕದ ಮೂರನೇ ಸೋಮವಾರ, ನವೆಂಬರ್ ಹದಿನೇಳರ ರಾತ್ರಿ, ಪರಮಶಿವಯ್ಯನವರು ಊಟ ಮಾಡಿ ಎದ್ದವರು ಎದೆ ಹಿಡಿದುಕೊಂಡು ಕುಸಿದರು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆ. ಹೊರಗಿನ ಬೆಂಚಿನ ಮೇಲೆ ಕೂತು ಗಿರಿಜಕ್ಕ "ಮರುಳ ಬೇಗ ಬಾ" ಅಂತ ಒತ್ತಿದಳು. ತಲೆಯೆತ್ತಿದರೆ ಎದುರಿನ ಗಡಿಯಾರದಲ್ಲಿ ಹನ್ನೊಂದೂ ಕಾಲು. ಕಳಿಸುವ ಗುಂಡಿಯ ಮೇಲೆ ಬೆರಳಿತ್ತು. ನನ್ನ ತಮ್ಮ ಬೆಚ್ಚಿಬಿದ್ದಾನು, ಅವನ ಎದೆಗೇ ಏನಾದರೂ ಆದೀತು ಅಂದುಕೊಂಡು ಬೆರಳು ತೆಗೆದಳು. ಫೋನು ಆ ಮೂರು ಪದವನ್ನು ಡ್ರಾಫ್ಟಿನಲ್ಲಿ ತಾನೇ ಇಟ್ಟುಕೊಂಡಿತು. ಬೆಳಿಗ್ಗೆ ಏಳು ಹೊಡೆದ ಮೇಲೆ ಬೇರೆಯದೇ ಮೆಸೇಜು ಹೋಯಿತು: "ನಿಮ್ಮ ಭಾವನಿಗೆ ರಾತ್ರಿ ಎದೆನೋವು ಬಂದಿತ್ತು, ಈಗ ಪರವಾಗಿಲ್ಲ, ನಿಧಾನಕ್ಕೆ ಬನ್ನಿ."

ಇಷ್ಟೇ ಕಥೆ. ಎರಡು ತಿಂಗಳಿಂದ ನೆಂಟರೆಲ್ಲ ಮೆಚ್ಚಿಕೊಂಡ ಕಥೆ.

"ಅಕ್ಕಾ!" ಅಟ್ಟದ ಮೇಲಿಂದ ಮರುಳಪ್ಪ ಕೂಗಿದ. "ನನ್ ಫೋನ್ ಅಲ್ಲೇ ಕಿಟಕೀಲಿ ಐತೆ ನೋಡು. ದಸ್ತಗೀರ್ ಲಾರಿ ಎಷ್ಟೊತ್ತಿಗೆ ತತ್ತೀನಿ ಅಂತ ಮೆಸೇಜ್ ಹಾಕ್ತೀನಿ ಅಂದಿದ್ದ, ಬಂತಾ?"

ಗಿರಿಜಕ್ಕ ಕೈ ಒರೆಸಿಕೊಂಡು ಎದ್ದಳು. "ಏನೂ ಬಂದಿಲ್ಲ ಕಣ್ಲಾ. ತುಂಬೋಗೈತೆ, ಜಾಗ ಇಲ್ಲ ಅಂತ ತೋರಿಸ್ತೈತೆ."

"ಹಳೇವು ನಾಲ್ಕು ಅಳಿಸಕ್ಕಾ, ಆಗ ಬತ್ತದೆ. ನನ್ ಕೈಯೆಲ್ಲಾ ಧೂಳು."

ಗಿರಿಜಕ್ಕ ಏಣಿಯ ಬುಡದಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ಹುಡುಕಿದಳು. ಓದದೆ ಅಳಿಸುವ ಜೀವವಲ್ಲ ಅದು, ಮುಖ್ಯವಾದದ್ದೇನಾದರೂ ಹೋದರೆ? ಎಲ್ಲಕ್ಕಿಂತ ಹಳೆಯದು ಹೊಂಬಾಳಮ್ಮನದು. ನವೆಂಬರ್ ಹನ್ನೆರಡು, ರಾತ್ರಿ ಒಂಬತ್ತೂ ನಾಲ್ಕು ನಿಮಿಷ.

"ರೇಡಿಯೋ ಬಂದ್ ಆಯ್ತು. ಇನ್ನು ಮಾತಾಡಣ. ಊಟ ಆಯ್ತಾ?"

ಒಂಬತ್ತೂ ನಾಲ್ಕು? ಪಾಪ, ಏನೋ ಅವಸರವಿತ್ತೇನೋ ಅಂದುಕೊಂಡಳು. ತಂಗಿಯ ಮನೆಯಲ್ಲಿ ರೇಡಿಯೋ ಎಲ್ಲಿದೆ ಅನ್ನುವುದು ಹೊಳೆಯಲಿಲ್ಲ. ಮುಂದಿನದನ್ನು ತೆಗೆದಳು. ಹದಿನಾಲ್ಕನೇ ತಾರೀಖು, ಹತ್ತೂವರೆ.

"ರೇಡಿಯೋ ಇವತ್ತು ಹನ್ನೊಂದು ಮೆಸೇಜು. ಎಲ್ಲಾ ಬೆಕ್ಕಿಂದೇ. ನಿಂಗೂ ಬಂತಾ?"

ಬೆಕ್ಕು ಅಂದಾಗ ಕೈ ನಿಂತಿತು. ಗಿರಿಜಕ್ಕ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದೆಯೋ ನೀರಿದೆಯೋ ಹೇಳುವವಳು. ಒಡಹುಟ್ಟಿದವರ ಮಾತನ್ನು ಎಂದೂ ಅಲ್ಲಾಡಿಸಿ ನೋಡಿರಲಿಲ್ಲ. ಇನ್ನೊಂದು ತೆಗೆದಳು. ನವೆಂಬರ್ ಹದಿನೇಳು. ಆ ತಾರೀಖು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಾತ್ರಿ ಹನ್ನೊಂದೂ ಹದಿನೇಳು.

"ನಿದ್ದೆ ಬತ್ತಿಲ್ಲ ಕಣೋ. ಇವ್ರು ನೈಟ್ ಶಿಫ್ಟು. ನೀನು ಒಂಬತ್ತರ ಕಟ್ಟಳೆ ಮಾಡಿದ್ದು ಒಳ್ಳೇದಾಯ್ತು ಬುಡು, ಇಲ್ದಿದ್ರೆ ಈಗ ಅಕ್ಕನ ಬೆಕ್ಕು ಬಂದು ಕೂತಿರೋದು. ಹಹ."

ಅದರ ಹಿಂದೆಯೇ ಹನ್ನೊಂದೂ ಇಪ್ಪತ್ತೆರಡಕ್ಕೆ ಇನ್ನೊಂದು. ಮರುಳಪ್ಪನ ಯಾವುದೋ ಜೋಕಿಗೆ ಹೊಂಬಾಳ ನಕ್ಕಿದ್ದು. ಹನ್ನೆರಡಕ್ಕೆ ಮತ್ತೊಂದು. ಗಿರಿಜಕ್ಕ ತಾನು ಕಳಿಸಿದ್ದು ಒಂದಾದರೂ ಇದೆಯೇ ಅಂತ ಹುಡುಕಿದಳು. ಆ ತುಂಬಿ ತುಳುಕುವ ಫೋನಿನಲ್ಲಿ ಅವಳದೊಂದೂ ಇರಲಿಲ್ಲ.

"ಅಳಿಸ್ದೇನಕ್ಕಾ?"

"ಯಾವ್ದು ಅಳಿಸ್ಲಿ ಹೇಳು ಮರುಳ," ಅಂದಳು ಗಿರಿಜಕ್ಕ. ಗಂಟಲು ಅವಳದೇ, ಆದರೆ ಅದರಲ್ಲಿದ್ದ ನಗು ಎಲ್ಲೋ ಹೋಗಿತ್ತು. "ಹದಿನೇಳನೇ ತಾರೀಖಿಂದಾ? ರಾತ್ರಿ ಹನ್ನೊಂದೂ ಹದಿನೇಳಕ್ಕೆ ಬಂದಿದ್ದಾ?"

ಕಾಯಿ ಉರುಳುವುದು ನಿಂತಿತು. ಹೆಂಗಸರ ಕೈಗಳೂ ನಿಂತವು. ಕಾಫಿ ತಟ್ಟೆ ಹಿಡಿದು ಬಂದ ಲಕ್ಷ್ಮಿದೇವಮ್ಮ ಹೊಸಲಲ್ಲೇ ನಿಂತು ಲೋಟಗಳನ್ನು ನೋಡತೊಡಗಿದಳು. ಇವಳಿಗೂ ಗೊತ್ತಿತ್ತು ಅಂತ ಗಿರಿಜಕ್ಕನಿಗೆ ತಿಳಿಯಿತು.

ಮರುಳಪ್ಪ ಏಣಿ ಇಳಿದು ಬಂದ. ಮುಖದ ತುಂಬ ಧೂಳು, ಕಣ್ಣೆರಡು ಮಾತ್ರ ಕಾಣುತ್ತಿದ್ದವು.

"ಅಕ್ಕ, ಒಳಗೆ ಬಾ, ಹೇಳ್ತೀನಿ."

"ಇಲ್ಲೇ ಹೇಳು. ಇವರ ಮುಂದೆ ತಾನೆ ನನ್ನ ಕಥೆ ಹೇಳಿ ನಗ್ತಾ ಇದ್ದಿದ್ದು?"

"ನಗಕ್ಕಲ್ಲ ಕಣಕ್ಕಾ." ಅವನು ತಲೆ ಕೆರೆದುಕೊಂಡ. "ದಿನಕ್ಕೆ ಮೂವತ್ತು ಮೆಸೇಜು ಬತ್ತಿದ್ವು. ಬೇಡ ಅಂದ್ರೆ ನೀನು ನೊಂದ್ಕಂತೀಯ. ಎಲ್ಲರಿಗೂ ಒಂದೇ ಕಟ್ಟಳೆ ಅಂದ್ರೆ ನೋವಾಗಲ್ಲ ಅಂತ..."

"ಎಲ್ಲರಿಗೂ ಒಂದೇ," ಗಿರಿಜಕ್ಕ ಮೆಲ್ಲಗೆ ಅಂದಳು. "ಎಲ್ಲರೂ ಅಂದ್ರೆ ನಾನೊಬ್ಬಳೇ. 'ಬೇಡ ಕಣಕ್ಕಾ, ತಲೆ ತಿನ್ಬೇಡ' ಅಂತ ನೀನು ಅಂದಿದ್ರೆ ಎರಡು ದಿನ ಅತ್ತು ಸುಮ್ಮನಾಗ್ತಿದ್ದೆ. ಅಪ್ಪನ ಸಾವು ಯಾಕೆ ತಂದ್ಯೋ ಮಧ್ಯಕ್ಕೆ?"

ಅವನು ಏಣಿಯ ಮೆಟ್ಟಿಲು ಹಿಡಿದುಕೊಂಡು ನಿಂತ.

"ಒಂದ್ ಮಾತು ಕೇಳ್ತೀನಿ, ಸುಳ್ಳಾಡಬೇಡ. ಅವತ್ತು ಹನ್ನೊಂದೂ ಕಾಲಿಗೆ ಬಾ ಅಂತ ನಾನು ಹಾಕಿದ್ರೆ, ಬತ್ತಿದ್ದೇನ್ಲಾ?"

"ಬತ್ತಿದ್ದೆ ಅಕ್ಕ! ಅಪ್ಪನಾಣೆ. ಎದ್ದೇ ಇದ್ದೆ. ಬೈಕ್ ಹತ್ತಿದ್ರೆ ಗಂಟೆಯೊಳಗೆ ನಿನ್ ಪಕ್ಕದಲ್ಲಿರ್ತಿದ್ದೆ."

ಅವನು ನಿಜವನ್ನೇ ಹೇಳುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಅಷ್ಟು ತಿಳಿಯುವುದಿಲ್ಲವೆ?

"ಬತ್ತಿರಲಿಲ್ಲ ಅಂದಿದ್ರೆ ಚೆನ್ನಾಗಿತ್ತು ಕಣೋ," ಅಂದಳು ಗಿರಿಜಕ್ಕ. "ಡಾಕ್ಟರು ಒಂದ್ಸಲ ಹೊರಗೆ ಬಂದು, ನಿಮ್ಮ ಕಡೆಯವರು ಯಾರಾದ್ರೂ ಅವ್ರೇನಮ್ಮಾ ಅಂದ್ರು. ಎಲ್ಲಾ ಮಲಗವ್ರೆ ಸ್ವಾಮಿ ಅಂದೆ."

ಹೇಳಿದಂತೆ ನಾಲ್ಕು ಮೆಸೇಜು ಅಳಿಸಿದಳು. ಹದಿನೇಳನೇ ತಾರೀಖಿನದನ್ನು ಮುಟ್ಟಲಿಲ್ಲ. ಫೋನು ಕುಂಯ್ ಅಂದಿತು. "ದಸ್ತಗೀರು. ಮೂರು ಗಂಟೆಗೆ ಬತ್ತಾನಂತೆ," ಅಂತ ಹೇಳಿ, ಫೋನನ್ನು ಅವನ ಧೂಳಿನ ಕೈಗೇ ಇಟ್ಟಳು. ಊಟಕ್ಕೆ ನಿಲ್ಲಲಿಲ್ಲ. ಬಸ್ ನಿಲ್ದಾಣದವರೆಗೂ ಲಕ್ಷ್ಮಿದೇವಮ್ಮ ಹಿಂದೆಯೇ ಬಂದು, "ಅತ್ತಿಗೆ, ಅತ್ತಿಗೆ" ಅನ್ನುತ್ತಿದ್ದಳು.

ಆ ಸಂಜೆ ತಿಪಟೂರಿನ ಮನೆಯಲ್ಲಿ ಗಿರಿಜಕ್ಕ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಕೂತಳು. ಗಂಡನಿಗೆ ಏನೂ ಹೇಳಲಿಲ್ಲ. ಡಾಕ್ಟರ ಮಾತಿನಂತೆ ಅಂಗಡಿಯಿಂದ ಬೇಗ ಬರುತ್ತಿದ್ದ ಪರಮಶಿವಯ್ಯನವರು ದಿವಾನದ ಮೇಲೆ ಒರಗಿ, ಗಡಿಯಾರ ನೋಡಿ ಎಂದಿನಂತೆ ಎಚ್ಚರಿಸಿದರು: "ಎಂಟೂಮುಕ್ಕಾಲು ಆಯ್ತು ಕಣೇ. ತಮ್ಮ ತಂಗಿಗೆ ಹಾಕೋದಿದ್ರೆ ಹಾಕ್ಬುಡು, ಆಮೇಲೆ ಹೊತ್ತಾಯ್ತು ಅಂತ ಪರದಾಡ್ತೀಯ."

"ಇವತ್ತೇನೂ ಇಲ್ಲ."

"ನಿನ್ನ ಹತ್ರ ಮಾತಿಲ್ವಾ? ಹುಷಾರಾಗಿದೀಯಾ?"

"ಕಾಳು ಬಿಡಿಸ್ತಾ ಇದೀನಲ್ರೀ."

ಒಂಬತ್ತು ಹೊಡೆಯಿತು. ಹತ್ತು ನಿಮಿಷ ಕಳೆದಿರಬೇಕು, ದೇವರ ಗೂಡಿನ ಪಕ್ಕದಲ್ಲಿ ಫೋನು ಕುಂಯ್ ಅಂದಿತು. ಎರಡು ವರ್ಷದಲ್ಲಿ ಆ ಹೊತ್ತಿಗೆ ಅದು ಸದ್ದು ಮಾಡಿದ್ದು ಅದೇ ಮೊದಲು. ಪರಮಶಿವಯ್ಯನವರು ಎದೆಯ ಮೇಲೆ ಕೈಯಿಟ್ಟುಕೊಂಡು ದಡಕ್ಕನೆ ಎದ್ದು ಕೂತರು.

"ಅಯ್ಯೋ ಶಿವನೇ! ಯಾರು ಹೋದ್ರೇ?"

"ಯಾರೂ ಹೋಗಿಲ್ಲ. ನೀವು ಒರಗ್ಕೊಳ್ಳಿ."

ಗಿರಿಜಕ್ಕ ಎದ್ದು ಫೋನು ತೆಗೆದುಕೊಂಡಳು. ಮರುಳಪ್ಪನ ಹೆಸರು, ಪಕ್ಕದಲ್ಲಿ ಮುಚ್ಚಿದ ಲಕೋಟೆಯ ಚಿತ್ರ. ಅದನ್ನು ತೆರೆಯಲಿಲ್ಲ. ಲಿಖಿತಾ ತೋರಿಸಿಕೊಟ್ಟಿದ್ದ ದಾರಿಯಲ್ಲೇ ಒಂದೊಂದು ಗುಂಡಿ ಒತ್ತಿ ಡ್ರಾಫ್ಟಿಗೆ ಹೋದಳು. "ಮರುಳ ಬೇಗ ಬಾ" ಅಲ್ಲೇ ಇತ್ತು. ಅಳಿಸಲೇ ಅಂತ ಫೋನು ಕೇಳಿತು. ಹೌದು ಒತ್ತಿ, ಫೋನನ್ನು ಅವರೆ ಸಿಪ್ಪೆಯ ರಾಶಿಯ ಪಕ್ಕದಲ್ಲಿಟ್ಟು, ಇನ್ನೊಂದು ಕಾಯಿ ಎತ್ತಿಕೊಂಡಳು.